ಅರ್ಥ್ ಆಗದ ಗುಂಯ್

ಕನ್ನಡಕದಂಗಡಿಯ ಯಜಮಾನರು ಹೊಟ್ಟೆಪಾಡಿಗೆ ನೆಚ್ಚಿಕೊಂಡಿದ್ದು ಊರವರ ಕಣ್ಣನ್ನು, ಜಂಭಕ್ಕೆ ನೆಚ್ಚಿಕೊಂಡಿದ್ದು ತಮ್ಮದೇ ಕಿವಿಯನ್ನು. ಸ್ಪೀಕರಿನ ವೈರು ಬರೀ ತಾಮ್ರದ್ದೋ ಬೆಳ್ಳಿ ಲೇಪದ್ದೋ ಎಂದು ಕಣ್ಣು ಮುಚ್ಚಿಕೊಂಡು, ಬರೀ ಹಾಡು ಕೇಳಿ ಹೇಳಬಲ್ಲೆ ಎಂಬುದು ಅವರ ಘನಘೋಷಣೆ. ಹಾಲಿನಲ್ಲಿ ಆಳೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳು ದ್ವಾರಪಾಲಕರ ಹಾಗೆ ನಿಂತಿದ್ದವು. ಅವುಗಳ ಎದುರಿಗೆ ಒಂದೇ ಒಂದು ಕುರ್ಚಿ. ಆ ಕುರ್ಚಿಗೆ ಜಾಗ ಮಾಡಲು ಹೆಂಡತಿಯ ಹೊಲಿಗೆ ಮಷೀನು ಹಾಲಿನಿಂದ ಗಡಿಪಾರಾಗಿ ಒಳಕೋಣೆ ಸೇರಿತ್ತು. ಯಜಮಾನರು ಕುರ್ಚಿಯಲ್ಲಿ ವಿರಾಜಮಾನರಾಗಿರುವಾಗ ಅಲ್ಲೂ ಅದು ಟಕಟಕ ಎನ್ನುವಂತಿರಲಿಲ್ಲ. ಆಕೆ ಕೈಹೊಲಿಗೆಯನ್ನೇ ಹಾಕಬೇಕು. ಮಾತಂತೂ ಕೂಡದೇ ಕೂಡದು.

"ನಿಮ್ಮ ಕಿವಿ ಕೈಕೊಟ್ಟ ದಿನ ಈ ಪೆಟ್ಟಿಗೆಗಳು ಅಟ್ಟಕ್ಕೆ, ನನ್ನ ಮಷೀನು ಹಾಲಿಗೆ. ನೆನಪಿರಲಿ" ಎಂದು ಆಕೆ ಗಡಿಪಾರಿನ ದಿನವೇ ಹೇಳಿದ್ದಳು. ಯಜಮಾನರು ನಕ್ಕು ಒಪ್ಪಿಕೊಂಡಿದ್ದರು. (ಆಗ ಕಿವಿ ನೆಟ್ಟಗಿತ್ತು.)

ಯಜಮಾನರಿಗೆ ಇದೇ ಹುಚ್ಚಿನ ಸ್ನೇಹಿತರು ಇಬ್ಬರು. ಒಬ್ಬರು ವಿಮೆ ಏಜೆಂಟರು. ವೈರು ನೆಲಕ್ಕೆ ತಾಗಿದರೆ ಹಾಡಿಗೆ ಶೀತವಾಗುತ್ತದೆ ಎಂದು ನಂಬಿ, ಅದನ್ನು ಮರದ ತುಂಡುಗಳ ಮೇಲೆ ಮಲಗಿಸುವವರು. ಇನ್ನೊಬ್ಬರು ರಿಟೈರಾದ ಫಿಸಿಕ್ಸ್ ಮೇಷ್ಟ್ರು. ಮೀಟರಿನಲ್ಲಿ ಕಾಣದ್ದು ಕಿವಿಗೆ ಕೇಳಿಸಿದರೆ ಅದು ಭ್ರಮೆ ಎನ್ನುವವರು. ವೈರಿನ ಜಗಳ ವಿಕೋಪಕ್ಕೆ ಹೋಗಿ, ಭಾನುವಾರ ಯಜಮಾನರ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು.

"ತಯಾರಿಗೆ ಮೊದಲು ಮೌನ ಕೇಳಿ ಸಾರ್" ಎಂದು ಏಜೆಂಟರು ಫೋನಿನಲ್ಲಿ ಉಪದೇಶ ಮಾಡಿದರು. "ಸೆಟ್ ಆನ್ ಮಾಡಿ, ಹಾಡು ಹಾಕಬೇಡಿ. ಮೌನ ಚೆನ್ನಾಗಿದ್ರೆ ಹಾಡೂ ಚೆನ್ನಾಗಿರುತ್ತೆ."

ಮನೆಯಲ್ಲಿ ಹಾಡೂ ಇಲ್ಲದೆ, ಆಜ್ಞೆಯನ್ನೂ ಮಾಡದೆ ಯಜಮಾನರು ಸುಮ್ಮನೆ ಕೂತದ್ದು ಸಂಸಾರದಲ್ಲಿ ಅದೇ ಮೊದಲು. ಕೂತರು. ಕಿವಿ ನಿಮಿರಿಸಿದರು. ಕೇಳಿಸಿತು.

ಗುಂಯ್...

ವಾಲ್ಯೂಮ್ ಇಳಿಸಿದರು. ಗುಂಯ್. ಕಾಫಿ ಲೋಟಗಳನ್ನು ಬೋರಲು ಹಾಕಿ ಅವುಗಳ ಮೇಲೆ ವೈರು ಮಲಗಿಸಿದರು. ಗುಂಯ್. ಫ್ರಿಜ್ಜಿನದಿರಬಹುದೆಂದು ಅದನ್ನೂ ಆಫ್ ಮಾಡಿದರು. ಕೊನೆಗೆ ಸೆಟ್ಟಿನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತರು. ಸತ್ತ ಸೆಟ್ಟಿನ ಮುಂದೆಯೂ ಗುಂಯ್!

"ಲೇ, ನಿಂಗೇನಾದ್ರೂ ಕೇಳಿಸ್ತಿದೆಯೇನೇ?"

"ಏನೂ ಇಲ್ಲವಲ್ಲ, ಯಾಕ್ರೀ?" ಎಂದಳು ಹೆಂಡತಿ ಒಳಕೋಣೆಯಿಂದ.

ಹೌದು, ಆ ಕ್ಷಣಕ್ಕೆ ಅವರಿಗೂ ಏನೂ ಕೇಳಿಸಲಿಲ್ಲ. "ಏನಿಲ್ಲ, ಸುಮ್ನೆ" ಎಂದು ಕೂತ ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್. ಮತ್ತೆ ಕೇಳಿದರು, ಮತ್ತೆ ಮಾಯ. ಹೆಂಡತಿಗೆ ಕೇಳಿಸದ್ದು, ಪ್ಲಗ್ಗಿಗೆ ಸಂಬಂಧಪಡದ್ದು, ತಮ್ಮೊಬ್ಬರನ್ನೇ ಬೆನ್ನು ಹತ್ತಿದ್ದು ಎಂದರೆ ಅದು ಕಿವಿಯೊಳಗಿನದೇ! ಕಣ್ಣ ಮುಂದೆ ಸ್ಪೀಕರುಗಳು ಒಂದರ ಹಿಂದೊಂದು ಅಟ್ಟ ಹತ್ತತೊಡಗಿದವು.

"ಫ್ರಿಜ್ ಯಾರ್ರೀ ಆಫ್ ಮಾಡಿದ್ದು? ಹಾಲೆಲ್ಲ ಒಡೆದುಹೋಗಿದೆ!" ಎಂಬ ಗರ್ಜನೆ ಮಾತ್ರ ಅವರಿಗೆ ಸ್ವಚ್ಛವಾಗಿ ಕೇಳಿಸಿತು.

ಭಯ ಅಂಗಡಿಯವರೆಗೂ ಹಿಂಬಾಲಿಸಿತು. ಗಿರಾಕಿಯೊಬ್ಬರನ್ನು ಅಕ್ಷರದ ಬೋರ್ಡಿನ ಮುಂದೆ ಕೂರಿಸಿ, "ಕೆಳಗಿನ ಸಾಲು ಕೇಳಿಸ್ತಿದೆಯಾ?" ಎಂದರು. ಗಿರಾಕಿ ಎದ್ದು ಹೋದರು. ತಡೆಯಲಾರದೆ ಮೇಷ್ಟ್ರಿಗೆ ಫೋನ್ ಮಾಡಿ, ತಮ್ಮ ಸ್ನೇಹಿತರೊಬ್ಬರಿಗೆ ಪ್ಲಗ್ ಕಿತ್ತ ಮೇಲೂ ಗುಂಯ್ ಕೇಳಿಸುತ್ತಿದೆಯಂತೆ, ಪಾಪ, ಎಂದರು.

"ಹಾಗಾದ್ರೆ ಸೆಟ್ ಸರಿಯಾಗಿದೆ ಸ್ವಾಮಿ" ಎಂದರು ಮೇಷ್ಟ್ರು. "ನಿಮ್ಮ ಸ್ನೇಹಿತರನ್ನ ರಿಪೇರಿಗೆ ಕೊಡಿ."

ಭಾನುವಾರ ಬಂದೇ ಬಂತು. ಮೇಷ್ಟ್ರು ಯಜಮಾನರ ಕಣ್ಣಿಗೆ ಟವೆಲ್ ಬಿಗಿದರು. ನೇಣಿನ ಹಗ್ಗವೂ ಇಷ್ಟು ಬಿಗಿಯಿರಲಿಕ್ಕಿಲ್ಲ ಎನಿಸಿತು ಯಜಮಾನರಿಗೆ. ಸೆಟ್ ಆನ್ ಆಯಿತು. ಹಾಡಿಗೆ ಮುಂಚೆಯೇ ಆ ಹಾಳು ಗುಂಯ್ ಶುರುವಾಯಿತು. ಅವರು ಬೆವರುತ್ತ, ಏನೂ ಕೇಳಿಸದವರ ಮುಖ ಮಾಡಿಕೊಂಡು ಕೂತರು.

"ತಡೀರಿ ತಡೀರಿ" ಎಂದರು ಏಜೆಂಟರು. "ಏನೋ ಗುಂಯ್ ಅಂತಿದೆಯಲ್ಲ?"

ಯಜಮಾನರು ಟವೆಲ್ ಕಿತ್ತೊಗೆದು ಏಜೆಂಟರನ್ನು ತಬ್ಬಿಕೊಂಡೇಬಿಟ್ಟರು. "ನಿಮಗೂ ಕೇಳಿಸ್ತಾ? ಬದುಕಿದೆ!"

"ವೈರಿಗೆ ಶೀತ ಆಗಿದೆ ಸಾರ್."

"ಶೀತವೂ ಇಲ್ಲ, ನೆಗಡಿಯೂ ಇಲ್ಲ. ಅರ್ಥ್ ಆಗಿಲ್ಲ" ಎಂದರು ಮೇಷ್ಟ್ರು.

"ಯಾರಿಗ್ರೀ ಅರ್ಥ ಆಗಿಲ್ಲ? ನನಗಾ?" ಎಂದರು ಯಜಮಾನರು.

"ನಿಮಗಲ್ಲ ಮಾರಾಯ್ರೇ, ಪ್ಲಗ್ಗಿಗೆ! ಅರ್ಥಿಂಗ್ ವೈರು ಕೂಡಿಲ್ಲ!"

"ಅಂದ್ರೆ ಪ್ಲಗ್ಗಿಗೆ ಅರ್ಥ ಆಗೋದೂ ನನಗೆ ಆಗಲ್ಲ ಅಂತೀರಾ?"

ಮೇಷ್ಟ್ರು ಸಿಟ್ಟಿನಿಂದ ಪ್ಲಗ್ ಕಿತ್ತರು. ದೀಪ ಆರಿತು. ಗುಂಯ್ ಆರಲಿಲ್ಲ. ಅವರು ಜೊತೆಗೆ ತಂದಿದ್ದ ಮೀಟರಿನಲ್ಲಿ ಸೊನ್ನೆ. ಮೇಷ್ಟ್ರ ಮುಖ ಬಿಳಿಚಿತು. ಏಜೆಂಟರು ಯಜಮಾನರ ತೋಳು ಹಿಡಿದುಕೊಂಡರು. ಮೂವರೂ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು, ತುದಿಗಾಲಿನಲ್ಲಿ ದನಿಯ ಜಾಡು ಹಿಡಿದು ಹೊರಟರು. ಜಾಡು ಒಳಕೋಣೆಯ ಬಾಗಿಲಲ್ಲಿ ಮುಗಿಯಿತು.

ಹೆಂಡತಿ ಮಂಚದ ಮೇಲೆ ಕೂತು ಪರದೆಯ ಅಂಚು ಹೊಲಿಯುತ್ತಿದ್ದಳು. ತುಟಿಯ ನಡುವೆ ಸಾಲಾಗಿ ಗುಂಡುಪಿನ್ನು ಕಚ್ಚಿಕೊಂಡು, ಬಾಯಿ ತೆರೆಯದೆ, ತನ್ನ ಪಾಡಿಗೆ ತಾನು ಗುನುಗುತ್ತಿದ್ದಳು. ಗುಂಯ್...

"ಅಕ್ಕಾವ್ರೇ, ಈ ಸೌಂಡು ನಿಮ್ಮದಾ?" ಎಂದರು ಏಜೆಂಟರು.

ಆಕೆ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಗುಂಯ್ ನಿಂತಿತು. "ಮಾತಾಡಬೇಡ ಅಂದಿದ್ದಾರೆ, ಮಷೀನ್ ತುಳೀಬೇಡ ಅಂದಿದ್ದಾರೆ. ಗುನುಗಬೇಡ ಅಂತ ಇನ್ನೂ ಅಂದಿಲ್ಲ. ಯಾಕೆ?"

"ಏನಿಲ್ಲಮ್ಮ" ಎಂದರು ಸುಳ್ಳು ಹೇಳಲು ಬಾರದ ಮೇಷ್ಟ್ರು. "ಇವರ ಸೆಟ್ಟಿನೊಳಗಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿದೆ ಅಂದ್ಕೊಂಡ್ವಿ."

ಆಕೆ ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ, ಯಜಮಾನರು ಹೆದರಿದ್ದು ಅದಕ್ಕೇ. "ಮದುವೆಯಾದಾಗಿನಿಂದ ಗುನುಗ್ತಿದ್ದೀನಿ. ನಿಮ್ಮ ಕಿವಿಗೆ ನಾನು ಟ್ರಾನ್ಸ್‌ಫಾರ್ಮರಾ?"

"ಅಲ್ಲ ಕಣೇ... ಅದು... ಅರ್ಥ್ ಆಗಿಲ್ಲ ಅಂತ..."

"ಅದನ್ನೇ ನಾನೂ ಇಷ್ಟು ವರ್ಷದಿಂದ ಹೇಳ್ತಿರೋದು."

ಯಜಮಾನರಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ನಾಚಿಕೆಪಡಲು ಆಕೆ ಹೆಚ್ಚು ಹೊತ್ತು ಕೊಡಲಿಲ್ಲ. ಹಾಲಿಗೆ ನಡೆದು, ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಅದೇ ಟವೆಲನ್ನು ಮೇಷ್ಟ್ರಿಗಿಂತ ಒಂದು ಸುತ್ತು ಹೆಚ್ಚೇ ಬಿಗಿದಳು.

"ಪರೀಕ್ಷೆ ತಾನೇ? ಆಗಲಿ. ನಾನು ಕನ್ನಡಕ ಮಾಡಿಸೋಕೆ ಮೊದಲ ಸಲ ನಿಮ್ಮಂಗಡಿಗೆ ಬಂದಾಗ, ಚೆನ್ನಾಗಿದೆ ಕೇಳಿ ಅಂತ ರೇಡಿಯೋ ಜೋರು ಮಾಡಿದ್ರಲ್ಲ, ಆ ಹಾಡನ್ನೇ ಗುನುಗ್ತಿದ್ದೆ. ಮತ್ತೆ ಗುನುಗ್ತೀನಿ. ಯಾವುದು ಅಂತ ಹೇಳಿದ್ರೆ ಪೆಟ್ಟಿಗೆ ಇಲ್ಲೇ ಇರಲಿ."

ಆಕೆ ಗುನುಗಿದಳು. ಟವೆಲಿನ ಕತ್ತಲಲ್ಲಿ ಯಜಮಾನರು ತಡಕಾಡಿದರು. ಅಂಗಡಿ ನೆನಪಾಯಿತು, ಆಕೆಯ ಹಳೆಯ ಕನ್ನಡಕದ ಫ್ರೇಮೂ ನೆನಪಾಯಿತು, ಹಾಡು ಮಾತ್ರ ಹತ್ತಿರ ಸುಳಿಯಲಿಲ್ಲ.

"ಹೇಳಿ" ಎಂದಳು ಹೆಂಡತಿ.

"ಬೆ... ಬೆಳ್ಳಿ ಲೇಪದ್ದು!" ಎಂದರು ಯಜಮಾನರು.