ಮಾವನ ಗಾಡಿಯಲ್ಲಿ ಎರಡನೆಯವರಿಗೆ ಜಾಗವಿಲ್ಲ

ಶೀಗಿ ಹುಣ್ಣಿಮೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ, ಅಂತೂರ ಬೆಂತೂರದಿಂದ ನಮ್ಮ ಮಾವನ ಹೊಲಕ್ಕೆ ಹೋಗುವ ಎರೆಮಣ್ಣಿನ ಹಾದಿಯಲ್ಲಿ, ಜಾಲಿಗಿಡದ ಎಡಕ್ಕೆ, ಗಿಡದಿಂದ ಸುಮಾರು ಹನ್ನೆರಡು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ನಿಂತಿದ್ದೆ ಎಂಬುದು ಸ್ವಲ್ಪ ಹೆಚ್ಚಾಯಿತು. ಹಿಂದಿನ ರಾತ್ರಿ ಮಳೆಯಾಗಿ ಎರಡೂ ಕಾಲು ಹೂತಿದ್ದವು. ಬೀಳಲು ಅವಕಾಶವಿರಲಿಲ್ಲ, ಅಷ್ಟೇ. ಅಲ್ಲಿಂದ ಕಂಡದ್ದನ್ನು ಹೇಳುವ ಮೊದಲು ಒಂದು ಮಾತು: ನಮ್ಮ ಮಾವ ಹುಚ್ಚರಲ್ಲ. ಊರಿನವರು ಹೌದೆನ್ನುತ್ತಾರೆ, ಬೀಗರು ಬರೆದುಕೊಡಲು ಸಿದ್ಧರಿದ್ದಾರೆ, ನಾನು ಮಾತ್ರ ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಮಾವ ಎಂದರೆ ನಮ್ಮ ಅವ್ವನ ತಮ್ಮ. ಗುಡ್ಡದ ಮೇಲೆ ಗಾಳಿಯಂತ್ರ ನೋಡಿಕೊಳ್ಳುವವರು ಹಳೆಯದೊಂದು ನಾಲ್ಕು ಗಾಲಿಯ ಗಾಡಿಯನ್ನು ಮಾರಲಿಟ್ಟಿದ್ದರು. ಪಟ್ಟಣದವರು ಅದನ್ನು ಎಟಿವಿ ಎನ್ನುತ್ತಾರೆ; ನಮ್ಮ ಕಡೆ ಅದು ನಾಕ ಗಾಲಿ ಫಟಫಟಿ. ಬೈಕಿನ ಹ್ಯಾಂಡಲ್, ಡೊಳ್ಳಿನಂಥ ಗಾಲಿಗಳು, ಕುದುರೆಯ ಬೆನ್ನಿನಂಥ ಉದ್ದನೆಯ ಸೀಟು. ಮಳೆಯಾದರೆ ನಮ್ಮ ಎರೆಹೊಲದ ಹಾದಿಯಲ್ಲಿ ಚಕ್ಕಡಿ ಹೂಳುತ್ತದೆ, ಟ್ರ್ಯಾಕ್ಟರ್ ಹೂಳುತ್ತದೆ, ಅದನ್ನು ಎಳೆಯಲು ಬಂದ ಟ್ರ್ಯಾಕ್ಟರೂ ಹೂಳುತ್ತದೆ. ಈ ಗಾಡಿ ಮಾತ್ರ ಹೋಗುತ್ತದೆ. ಮಾವ ಅದನ್ನು ತಂದರೆಂದು ತಿಳಿದ ದಿನ ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಅದಕ್ಕೊಂದು ಕಾರಣವಿತ್ತು. ಮಾವನ ಹೊಲದ ಆಚೆ ಎರಡೆಕರೆ ಅವ್ವನದು. ಅರಿಷಿಣ ಕುಂಕುಮಕ್ಕೆಂದು ತವರಿನವರು ಕೊಟ್ಟದ್ದು. ಶೀಗಿ ಹುಣ್ಣಿಮೆಗೆ ಅಲ್ಲಿ ಚರಗ ಚೆಲ್ಲುವುದು, ಎಂದರೆ ಕಡುಬು ರೊಟ್ಟಿ ಪಲ್ಯ ಕಲಸಿ ಬೆಳೆಗೆ ಬಸುರಿಯ ಬಯಕೆಯಂತೆ ಉಣಿಸುವುದು, ಅವಳ ಕೆಲಸ; ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಎರಡು ಶೀಗಿ ತಪ್ಪಿದ್ದವು. ಮೂರನೆಯದು ತಪ್ಪಲಾರದು, ತಮ್ಮ ಗಾಡಿ ತಂದಿದ್ದಾನಲ್ಲ!

ತಂದದ್ದು ನಿಜ. ಆದರೆ ಗಾಡಿಯ ಮೇಲೆ ಒಂದು ಚೀಟಿ ಅಂಟಿಸಿತ್ತು. ಚಿತ್ರದಲ್ಲಿ ಇಬ್ಬರು ಕುಳಿತಿದ್ದರು, ಅವರ ಮೇಲೆ ಅಡ್ಡಲಾಗಿ ಕೆಂಪು ಗೆರೆ ಎಳೆದಿತ್ತು. ತಂಬಾಕಿನ ಪೊಟ್ಟಣದ ಮೇಲಿನ ಭಯಂಕರ ಚಿತ್ರವನ್ನು ವರ್ಷಗಟ್ಟಲೆ ನೋಡಿಯೂ ನೋಡದ ನಮ್ಮ ಮಾವ ಈ ಚಿತ್ರವನ್ನು ಮಾತ್ರ ನೋಡಿಬಿಟ್ಟರು! ಅಂದಿನಿಂದ ಆ ಗಾಡಿಯ ಮೇಲೆ ಎರಡನೆಯ ಮನುಷ್ಯ ಹತ್ತಿಲ್ಲ.

ಉಳಿದದ್ದನ್ನು ಗಾಡಿ ಮಾರಿದವನು ಬಾಯಿಮಾತಿನಲ್ಲಿ ಹೇಳಿದ್ದ. ಮಾವ ಅದನ್ನು ತಮಗೆ ತಿಳಿದ ಭಾಷೆಗೆ ಹೊಂದಿಸಿಕೊಂಡರು. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಮಾವನ ಗಾಡಿಗೂ ಸೋಮವಾರ ರಜೆ. ಅಂದು ಅದಕ್ಕೆ ಸ್ನಾನ. ಗಾಲಿಯ ಸಂದಿಯ ಮಣ್ಣು ತೆಗೆದು, ನಟ್ಟು ಬೋಲ್ಟು ಒಂದೊಂದನ್ನೂ ತಿರುವಿ ನೋಡಿ, ಬ್ರೇಕ್ ಒತ್ತಿ, ಚೈನಿನ ಸಡಿಲು ಬೆರಳಿನಿಂದ ಅಳೆದು, ಎಂಜಿನ್ನಿಗೆ ಗಾಳಿ ಸೋಸುವ ಜಾಳಿಗೆಯ ಧೂಳು ಕೊಡವಿ, ಎಣ್ಣೆಯ ಕಡ್ಡಿ ಎಳೆದು ಬೆಳಕಿಗೆ ಹಿಡಿಯುತ್ತಾರೆ.

ಅತ್ತೆ ಒಮ್ಮೆ ರೊಟ್ಟಿ ಬಡಿಯುತ್ತಲೇ ಕೇಳಿದರು: "ಎತ್ತಿಗೆ ಸೋಮವಾರ, ಗಾಡಿಗೆ ಸೋಮವಾರ. ನನಗ ಯಾವ ವಾರ ಅಂತ ನಿಮ್ಮ ಮಾವನ ಒಮ್ಮೆ ಕೇಳು!"

ನಾನು ಕೇಳಿದೆ. ಮಾವ ತಲೆ ಎತ್ತದೆ, "ಆಕಿನ್ನ ನಾ ಎಂದೂ ಹೂಡಿಲ್ಲಲೇ, ಆಕೀನ ನನ್ನ ಹೂಡ್ಯಾಳ" ಎಂದರು.

ಆ ಗಾಲಿಗೆ ಬೇಕಾದದ್ದು ಬರೀ ನಾಲ್ಕೈದು ಪೌಂಡು ಗಾಳಿ. ಹೆಚ್ಚಾದರೆ ಗಾಡಿ ಚೆಂಡಿನಂತೆ ಪುಟಿಯುತ್ತದೆ. ಒಮ್ಮೆ ಪಂಕ್ಚರ್ ಆದಾಗ ಮಾವ ಗಾಲಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಗದಗಿಗೆ ಹೊರಟರು. ಗಾಡಿಯನ್ನು ಡಾಂಬರು ರಸ್ತೆಗೆ ಅವರು ಎಂದೂ ಇಳಿಸುವುದಿಲ್ಲ. ಅದು ಮಣ್ಣಿನ ಗಾಡಿ, ಡಾಂಬರಿನ ತಿರುವಿನಲ್ಲಿ ಮಗುಚುತ್ತದೆಯಂತೆ. ಆದರೆ ಆ ದಿನ ತಲೆಯ ಮೇಲಿನ ಹೆಲ್ಮೆಟ್ ತೆಗೆಯಲು ಮರೆತಿದ್ದರು. ನಾನು ಪಕ್ಕದ ಸೀಟಿನಲ್ಲಿದ್ದೆ. ಪರಿಚಯವಿಲ್ಲದವನಂತೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

"ಯಜಮಾನ್ರ, ನಮ್ಮ ಡ್ರೈವರ್ ಮ್ಯಾಲ ಒಂದೀಟರ ನಂಬಿಗಿ ಇಡ್ರಲಾ!" ಎಂದ ಕಂಡಕ್ಟರ್.

"ಡ್ರೈವರ್ ಮ್ಯಾಲ ಐತಿ ತಮ್ಮಾ. ನಿಮ್ಮ ಬಸ್ಸಿಗೆ ಸೋಮವಾರ ಯಾವಾಗರ ಸಿಕ್ಕೈತೇನು?"

ನಾನು ಮತ್ತೆ ಕಿಟಕಿಯ ಹೊರಗೆ ನೋಡಿದೆ; ಬಸ್ಸಿನಲ್ಲಿದ್ದ ಒಂದಿಬ್ಬರು ಮುಂದಿನ ಸೀಟಿನ ಸರಳು ಗಟ್ಟಿಯಾಗಿ ಹಿಡಿದುಕೊಂಡರು.

ಗದಗಿನಲ್ಲಿ ಪಂಕ್ಚರ್ ತಿದ್ದುವವನು ಐದು ಪೌಂಡು ಎಂದು ಕೇಳಿದ್ದೇ ತಡ, "ಇಷ್ಟ ಗಾಳಿ ನೀವ ಬಾಯಿಲೆ ಊದಬಹುದಲ್ರಿ!" ಎಂದ. ಮಾವ ಗಾಲಿಯ ತೂತನ್ನು ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದರು. ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನಗೂ ಒಮ್ಮೆ ಗಾಡಿ ಓಡಿಸಲು ಕೊಟ್ಟರು. ನಾನು ಇಪ್ಪತ್ತು ವರ್ಷ ಬೈಕು ಹೊಡೆದವನು. ಅಭ್ಯಾಸದಂತೆ ಹ್ಯಾಂಡಲ್ ತಿರುವಿದೆ, ಏನೂ ಆಗಲಿಲ್ಲ. ಇನ್ನೂ ತಿರುವಿದೆ. "ಹಿಂಡಬ್ಯಾಡ, ಅದೇನ್ ಒಗದ ಅರಬೀ ಅಲ್ಲ! ಹೆಬ್ಬೆರಳಿಲೆ ಒತ್ತು!" ಎಂದು ಮಾವ ಕೂಗಿದರು. ಒತ್ತಿದೆ. ಹೋಯಿತು. ತಿರುವು ಬಂತು, ಗಾಡಿ ಕೊಂಚ ವಾಲಿತು, ನಾನು ಬೈಕಿನವರು ಮಾಡುವಂತೆ ಬಲಗಾಲು ಕೆಳಗಿಟ್ಟೆ. ಹಿಂದಿನ ಗಾಲಿ ಬಂದು ನನ್ನ ಚಪ್ಪಲಿಯನ್ನು ನುಂಗಿತು. ಕಾಲು ಹೇಗೆ ಉಳಿಯಿತೋ ಇಂದಿಗೂ ತಿಳಿಯದು.

"ಅದಕ್ಕ ನಾಕು ಕಾಲು ಅದಾವಲೇ ಅಳಿಯಾ! ನಿಂದು ಐದನೇದ್ದು ಯಾಕ ಬೇಕಿತ್ತು?"

ಮೂರು ದಿನ ನಾನು ಬಲಗಾಲಿನ ಬೆರಳುಗಳನ್ನು ಎಣಿಸಿಕೊಳ್ಳುತ್ತಿದ್ದೆ.

ಶಿರಹಟ್ಟಿಯ ಬೀಗರು ಉಳ್ಳಾಗಡ್ಡಿ ಬೆಳೆ ನೋಡಲು ಬಂದಾಗಲೂ ಮಳೆಯಾಗಿತ್ತು. ನಮ್ಮ ಕಡೆ ಗುರುತಿಲ್ಲದವನನ್ನೂ ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳುತ್ತೇವೆ. ಹತ್ತಿಸಿಕೊಳ್ಳದೆ ಹೋದವನ ಮನೆಗೆ ಹೆಣ್ಣು ಕೊಡಲು ಯೋಚಿಸುತ್ತಾರೆ. ಮಾವ ಬೀಗರಿಗೆ ಹೇಳಿದ್ದು: "ನೀವು ನಡೀರಿ, ನಾ ಬಾಜೂಕ ಸಣ್ಣಗ ಗಾಡಿ ಬಿಟ್ಕೊಂಡ್ ಬರ್ತೀನಿ."

ಬೀಗರು ಕೆಸರಿನಲ್ಲಿ ನಿಂತು ಆ ಉದ್ದನೆಯ ಸೀಟನ್ನೇ ನೋಡಿದರು. "ಹಿಂದ ಇಷ್ಟ ಜಾಗಾ ಐತಲ್ರೀ?"

"ಅದು ಕುಂಡ್ರಾಕಲ್ರಿ. ಏರಿನ್ಯಾಗ ಮುಂದ ಸರ್ಯಾಕ, ಇಳಕಲದಾಗ ಹಿಂದ ಸರ್ಯಾಕ. ಅಲ್ಲಿ ನೀವು ಕುಂತ್ರ ನಾ ಎಲ್ಲಿ ಸರೀಲಿ?"

ಬೀಗರು ನಡೆದರು. ಅವರಿಗೆ ಅವಮಾನವಾಗಬಾರದೆಂದು ಮಾವ ಗಾಡಿಯನ್ನು ಅಲ್ಲೇ ಬಿಟ್ಟು, ಹೆಲ್ಮೆಟ್ ಹಾಕಿಕೊಂಡೇ ಅವರ ಜೊತೆ ನಡೆದರು. ಇದು ಮರ್ಯಾದೆಯೋ ಅಲ್ಲವೋ ಎಂದು ಶಿರಹಟ್ಟಿಯಲ್ಲಿ ಇನ್ನೂ ಚರ್ಚೆ ನಡೆದಿದೆಯಂತೆ.

ಹೀಗಿರುವಾಗ ದಸರೆ ಬಂತು. ಮಾವ ಬೆಟಗೇರಿಗೆ ಬಂದು ಅವ್ವನ ಕೈಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು ಅಕ್ಕಾ" ಎಂದರು. ಆ ಮಾತಿನ ಪಸೆ ಆರುವ ಮೊದಲೇ ಅವ್ವ ಕೇಳಿದಳು: "ಶೀಗಿಗೆ ಇನ್ನ ಐದ ದಿನ. ನನ್ನ ಹೊಲಕ್ಕ ಕರ್ಕೊಂಡ್ ಹೊಕ್ಕೀಯಲ್ಲಾ?"

"ಇಬ್ಬರು ಕುಂಡ್ರಂಗಿಲ್ಲ ಅಕ್ಕಾ ಅದರ ಮ್ಯಾಲ."

"ನಾ ಏನ್ ಮಂದೀನ? ನಿನ್ನ ಬಗಲಾಗ ಹೊತ್ಕೊಂಡು ಅದ ಹಾದ್ಯಾಗ ಹೋಗೀನಿ ನಾನು!"

"ಅದಕ್ಕ ಹೇಳಾಕತ್ತೀನಿ. ನೀ ಹಿಂದ ಕುಂತು ಉರುಳಿದ್ರ ಗಾಡಿ ನಿನ್ನ ಮ್ಯಾಲ ಬೀಳ್ತೈತಿ. ಒಲ್ಲೆ."

"ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಒಲ್ಲೆ."

"ಹೋಗ್ ಹಂಗಾರ. ಇನ್ ನಿನ್ನ ಮನ್ಯಾಗ ನಾ ನೀರ ಮುಟ್ಟಿದ್ರ ಕೇಳು!" ಅವ್ವ ಬನ್ನಿಯನ್ನು ಜಗುಲಿಯ ಮೇಲಿಟ್ಟು ಒಳಗೆ ಹೋದಳು. ಅಳುತ್ತಿದ್ದಳೆಂದು ಖಚಿತವಾಗಿ ಹೇಳಲಾರೆ. ಬೆನ್ನಷ್ಟೇ ಕಂಡಿತು.

ಮರುದಿನ ಮಾವ ಮತ್ತೆ ಬಂದರು. ಮಾತಿಲ್ಲ, ಕತೆಯಿಲ್ಲ, ಜೇಬಿನಿಂದ ಒಂದು ದಾರ ತೆಗೆದು ಅವ್ವನ ತಲೆಗೆ ಸುತ್ತಿ, ಅಳತೆಗೆ ಗಂಟು ಹಾಕಿಕೊಂಡು ಹೋದರು. ಅವ್ವ ಬೈಯುವುದನ್ನೂ ಮರೆತು ಕುಳಿತಳು. ಅದರ ಮರುದಿನ ಬಂದು, "ನಡಿ ಅಕ್ಕಾ" ಎಂದರು. ಅವ್ವ ಚೀಲ ಹಿಡಿದು ಎದ್ದುಬಿಟ್ಟಳು!

"ಎಲ್ಲಿಗೆ ಹೊಂಟಿ ಅವ್ವಾ?"

"ನನಗೂ ತಿಳೀವಲ್ದು. ಅವ ನಡಿ ಅಂದ."

ನಾನು ಹೋದದ್ದು ಶೀಗಿಯ ದಿನವೇ. ಮಾವನ ಮನೆಯಲ್ಲಿ ಅವ್ವನೂ ಇರಲಿಲ್ಲ, ಮಾವನೂ ಇರಲಿಲ್ಲ. ಚರಗದ ಬುಟ್ಟಿ ಹೊತ್ತ ಅತ್ತೆ, "ಮುಂದ ನಡಿ, ತಿಳೀತೈತಿ" ಎಂದರು. ನಡೆದೆ, ಮೊದಲೇ ಹೇಳಿದ ಜಾಗದಲ್ಲಿ ಹೂತೆ.

ಮೊದಲು ಎಂಜಿನ್ನಿನ ಸದ್ದು. ಆಮೇಲೆ ಕಣದ ಕಡೆಯ ತಿರುವಿನಲ್ಲಿ ಗಾಡಿ. ಮೇಲೆ ಒಬ್ಬರೇ. ಬಿಳಿ ಹೆಲ್ಮೆಟ್, ಮಾವನ ಬೂಟು, ಕಚ್ಚೆ ಹಾಕಿ ಸೆರಗನ್ನು ಸೊಂಟಕ್ಕೆ ಬಿಗಿದ ಇಳಕಲ್ ಸೀರೆ. ಮಾವ ಸೀರೆ ಉಟ್ಟಿದ್ದಾರೆ ಎಂದೇ ತಿಳಿದೆ. ನಿಜ ಹೇಳುತ್ತೇನೆ, ನನಗೆ ಆಶ್ಚರ್ಯವೂ ಆಗಲಿಲ್ಲ! ಆದರೆ ಗಾಡಿಯ ಹಿಂದೆ ಆರು ಹೆಜ್ಜೆ ದೂರದಲ್ಲಿ, ಬರಿಗಾಲಲ್ಲಿ, ಧೋತರ ಎತ್ತಿಕಟ್ಟಿ, ಕೆಂಪು ಹಗ್ಗವೊಂದನ್ನು ಹಿಡಿದು ಮಾವ ನಡೆದು ಬರುತ್ತಿದ್ದರು. ಹಾಗಾದರೆ ಮೇಲಿದ್ದವರು ಯಾರು?

"ಸಣ್ಣಗ ಒತ್ತಕ್ಕಾ! ಸಣ್ಣಗ! ನನ್ನ ಹೊಳ್ಳಿ ನೋಡಬ್ಯಾಡ!"

"ಒತ್ತೀನೋ ಯಪ್ಪಾ! ನೀ ಮದಲ ನೆಟ್ಟಗ ನಡಿ!"

ಗಾಡಿ ನಡೆಯುವವರ ವೇಗ ಮೀರದಂತೆ ಮಾವ ಒಂದು ಸ್ಕ್ರೂ ಬಿಗಿಸಿದ್ದರು. ಹಗ್ಗದ ಇನ್ನೊಂದು ತುದಿ ಗಾಡಿಯ ಗುಂಡಿಯೊಂದಕ್ಕೆ ಕಟ್ಟಿತ್ತು. ಎಳೆದರೆ ಎಂಜಿನ್ ಬಂದ್. ದಾರದ ಅಳತೆಗೆ ಹೆಲ್ಮೆಟ್ ತಂದು, ಎರಡು ದಿನ ಕಣದಲ್ಲಿ ಅಕ್ಕನಿಗೆ ಸುತ್ತು ಹಾಕಿಸಿ ಕಲಿಸಿದ್ದರಂತೆ. ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ: ಎರೆಮಣ್ಣು ಕಾಲು ಹಿಡಿದು ಮಾವ ಬಿದ್ದರೆ ಹಗ್ಗ ಎಳೆಯುತ್ತದೆ, ಹಗ್ಗ ಎಳೆದರೆ ಗಾಡಿ ನಿಲ್ಲುತ್ತದೆ. ನನ್ನ ಕಣ್ಣೆದುರು ನಾಲ್ಕು ಸಲ ಬಿದ್ದರು. ಮೊದಲ ಸಲ ಅವ್ವ, "ಪೆಟ್ಟಾತೇನೋ?" ಎಂದಳು. ನಾಲ್ಕನೆಯ ಸಲ, "ಲೇ ತಮ್ಮಾ, ಬರ್ತೀಯೋ ಇಲ್ಲೋ? ಹೊತ್ತು ಏರಾಕತ್ತೈತಿ!"

ನನ್ನ ಪಕ್ಕ ಹಾದುಹೋದಾಗ ನಾನು "ಅವ್ವಾ!" ಎಂದೆ. ಅವಳು ತಿರುಗಲಿಲ್ಲ.

"ಮಾತಾಡಸಬ್ಯಾಡ್ಲೇ, ಗಾಡಿ ಮ್ಯಾಲ ಅದಾಳ!" ಎಂದರು ಮಾವ. ಮೈತುಂಬ ಕೆಸರು, ಹಲ್ಲಷ್ಟೇ ಬಿಳಿ.

"ನೀವೂ ಹಿಂದ ಕುಂಡ್ರಬಾರದೇನ್ರಿ ಮಾವಾ? ಒಂದ ದಿನಕ್ಕ ಏನಾಗ್ತೈತಿ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಒಬ್ಬರದ ಗಾಡಿಲೇ ಅದು. ಅಕ್ಕ ಕುಂತಾಳಲ್ಲ!"

ಬದುವಿನ ಮೇಲೆ ಅವ್ವ ಇಳಿದಳು, ಹೆಲ್ಮೆಟ್ ತೆಗೆಯಲಿಲ್ಲ. ಅತ್ತೆಯ ಬುಟ್ಟಿಯಿಂದ ಹಿಡಿ ಹಿಡಿಯಾಗಿ ತನ್ನ ಎರಡೆಕರೆಗೆ ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕಿದಳು. ಹೆಲ್ಮೆಟ್ಟಿನೊಳಗಿನಿಂದ ಅದು ಬಾವಿಯೊಳಗಿನ ದನಿಯಂತೆ ಕೇಳಿತು.

ಮುಂದಿನ ಶೀಗಿಗೆ ಅವ್ವ ಇರಲಿಲ್ಲ. ಅಜ್ಜಿ ಫಟಫಟಿ ಹೊಡೆದಳೆಂದರೆ ನನ್ನ ಮಕ್ಕಳೇ ನಂಬುವುದಿಲ್ಲ. ಒಮ್ಮೊಮ್ಮೆ ನನಗೂ ಗೊಂದಲವಾಗುತ್ತದೆ. ಅದಕ್ಕೆ, ಅಂದು ಕಂಡವರಲ್ಲಿ ಈಗಲೂ ಇರುವವರ ಹೆಸರು ಬರೆದಿಡುತ್ತೇನೆ: ನಮ್ಮ ಅತ್ತೆ, ಬಲಗಡೆಯ ಹೊಲದ ದಾವಲಸಾಬ, ಅವನ ಹೆಂಡತಿ ಹುಸೇನಬಿ, ಬದುವಿನ ಆಚೆ ಉಣ್ಣುತ್ತ ಕುಳಿತಿದ್ದ ನಿಂಗಪ್ಪ, ಅವನ ಜೋಡೆತ್ತಿನಲ್ಲಿ ಎಡಗಡೆಯದು. ಮಾವನೂ ಇದ್ದಾರೆ. ಆದರೆ ಅವರನ್ನು ಕೇಳಿ ಉಪಯೋಗವಿಲ್ಲ. ಅಂದು ಅವರು ಅಕ್ಕನ ಕಾಲು ಮತ್ತು ಹಿಂದಿನ ಗಾಲಿ, ಇವೆರಡನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.