ದಿನದ ಗುಂಡು, ಬೀಗರ ಗುಂಡು

ನಮ್ಮ ದೊಡ್ಡವ್ವನಷ್ಟು ಸಾಧು ಜೀವ ಇಡೀ ಮಿಷಿಗನ್‌ನಲ್ಲಿ ಇನ್ನೊಂದಿಲ್ಲ. ಆದರೆ ಈ ವರ್ಷ ಕೆಲವು ತಿಂಗಳು ಅವಳ ಮನೆಗೆ ಹೋಗುವವರು ಮೊದಲು ಫೋನ್ ಮಾಡಿ ಹೋಗುವುದೇ ಒಳ್ಳೆಯದಿತ್ತು!

ಧಾರವಾಡದವಳು. ಮಿಷಿಗನ್‌ನ ಲಿವೋನಿಯಾದಲ್ಲಿ ಮಕ್ಕಳ ಡಾಕ್ಟರಾಗಿದ್ದು ಈಗ ನಿವೃತ್ತಿ. ಸಿಂಕಿನಲ್ಲಿ ಇರುವೆ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುತ್ತಾಳೆ. ಇರುವುದೊಂದೇ ಹುಚ್ಚು: ಏನು ಕೊಂಡರೂ ಸಸ್ತಾದ್ದೊಂದು, ತುಟ್ಟಿಯದೊಂದು ತಂದು ಪರೀಕ್ಷೆ ನಡೆಸುವುದು. ಎರಡು ಅಂಗಡಿಯ ತೊಗರಿಬೇಳೆಯನ್ನು ಎರಡು ಕುಕ್ಕರಿನಲ್ಲಿಟ್ಟು ಸೀಟಿ ಎಣಿಸುತ್ತಾಳೆ. "ನನ್ನ ಜೋಡಿ ಇನ್ನೊಬ್ಬ ವರನ್ನೂ ನೋಡಿ ಟೆಸ್ಟ್ ಮಾಡಿದ್ಲೇನೊ, ಕೇಳಾಕ ಅಂಜಿಕಿ" ಎನ್ನುತ್ತಿದ್ದ, ತೀರಿಕೊಂಡ ದೊಡ್ಡಪ್ಪ.

ಈ ಮಾರ್ಚಿನಲ್ಲಿ ನಾವಿರುವ ನೇಪರ್‌ವಿಲ್‌ನಿಂದ ಅವಳ ಮನೆಗೆ ಡ್ರೈವ್ ಮಾಡಿಕೊಂಡು ಹೋದೆ. ಊಟದ ಮೇಜಿನ ಮೇಲೆ ಶೇಂಗಾ ಚಟ್ನಿಯ ಡಬ್ಬಿ, ಅದರ ಪಕ್ಕದಲ್ಲಿ ಎರಡು ಪೆಟ್ಟಿಗೆ ಪಿಸ್ತೂಲಿನ ಗುಂಡು! ಹಿಂದಿನ ಬೀದಿಯ ಮನೆಯೊಂದಕ್ಕೆ ಕಳ್ಳರು ನುಗ್ಗಿದ ಮೇಲೆ, ಒಬ್ಬಳೇ ಇರುತ್ತೇನೆಂದು ಪಿಸ್ತೂಲು ಕೊಂಡಿದ್ದಳಂತೆ!

"ಎರಡು ನಮೂನಿ ಯಾಕ?"

"ಸಸ್ತಾದ್ದು ಪ್ರ್ಯಾಕ್ಟೀಸಿಗೆ, ತುಟ್ಟಿದು ಮನ್ಯಾಗ. ದಿನಾ ರೊಟ್ಟಿ, ಬೀಗರು ಬಂದ್ರ ಹೋಳಿಗಿ ಮಾಡೂದಿಲ್ಲೇನು?"

"ಕಳ್ಳ ಬೀಗನೇನವ್ವಾ?"

"ಕರೀಲಾರದ ಬಂದಾನಂದ್ರೂ ಮನೀಗೆ ಬಂದಾನಲ್ಲೊ!"

ನಗಬೇಕೋ ಓಡಬೇಕೋ ತಿಳಿಯಲಿಲ್ಲ. ನನ್ನ ಹೆಂಡತಿ ಮೈಸೂರಿನವಳು. ನಾನು ಮನೆಗೆ ಮರಳಿ ಹೇಳಿದ ವಿಷಯ ಕೇಳಿ ಅವಳು ನಗಲಿಲ್ಲ. "ಗನ್ ಇರೋ ಮನೇಲಿ ನನ್ನ ಮಗಳು ಮಲಗಲ್ಲ. ನೀವೇ ಹೇಳ್ಬಿಟ್ಟು ಬನ್ನಿ" ಎಂದಳು. ಆರು ವರ್ಷದ ಮಗಳು ಪ್ರತಿ ಬೇಸಿಗೆಯಲ್ಲಿ ಎರಡು ವಾರ ದೊಡ್ಡವ್ವನಲ್ಲಿರುತ್ತಾಳೆ. ಮಕ್ಕಳಿಲ್ಲದ ದೊಡ್ಡವ್ವನಿಗೆ ವರ್ಷವೆಂದರೆ ಆ ಎರಡು ವಾರ. ಅದನ್ನು ಕಸಿಯುವ ಕೆಲಸ ನನ್ನ ಪಾಲಿಗೆ ಬಂತು!

ಜೂನ್‌ನಲ್ಲಿ, ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಹೋದೆ. ಬಾಯಿ ತೆರೆಯುವ ಮೊದಲೇ ಅವಳು ಪರೀಕ್ಷೆಯ ವರದಿ ಶುರು ಮಾಡಿದಳು. ಗೆಳತಿಯ ಹೊಲದಲ್ಲಿ ಹಾಲಿನ ಖಾಲಿ ಜಗ್‌ಗಳಿಗೆ ನೀರು ತುಂಬಿ, ಒಂದರ ಹಿಂದೊಂದು ಆರು ನಿಲ್ಲಿಸಿದ್ದಳಂತೆ.

"ಸಸ್ತಾದ್ದು ಆರೂ ತೂರಿಕೊಂಡು ಹೋತು. ತುಟ್ಟಿದು ಒಳಗ ಹೊಕ್ಕ ಕೂಡ್ಲೆ ಹೂವಿನಂಗ ಅರಳಿ ಮೂರನೇದ್ರಾಗ ನಿಂತ್ತು."

"ಅಂದ್ರ ಆಚೆ ಹಾಯದ ತುಟ್ಟಿದು ಪಾಸಾತು" ಎಂದೆ, ಸಪ್ಪೆ ಮುಖದಿಂದ.

"ಎರಡೂ ಫೇಲ್. ನನ್ನ ಖೋಲಿ ಗ್ವಾಡಿ ಆಚೆ ಕೂಸು ಮಲಗತದ. ಎರಡು ಜಗ್ ತೂರಿದ್ದು ಆ ತೆಳ್ಳನ ಗ್ವಾಡಿ ತೂರೂದಿಲ್ಲೇನು? ಪಿಸ್ತೂಲು, ಗುಂಡು ಎಲ್ಲಾ ಅಂಗಡಿಗೆ ವಾಪಸ್ ಕೊಟ್ಟು ಬಂದೆ. ಕಳ್ಳ ಬಂದ್ರ ಬರ್ಲಿ, ಒಯ್ದ್ರ ಟಿವಿ ಒಯ್ತಾನ."

ಇವಳಿಗೆ ಬುದ್ಧಿ ಹೇಳಲು ಬಂದೆನಲ್ಲ ಎಂದು ನಾಚಿಕೆಯಾಯಿತು, ಕಣ್ಣು ತುಂಬಿತು. ಮೇಜಿನ ಮೇಲೆ, ಚಟ್ನಿ ಡಬ್ಬಿಯ ಪಕ್ಕದಲ್ಲಿ, ಆಗಲೂ ಎರಡು ಪೆಟ್ಟಿಗೆಗಳಿದ್ದವು. ಅಂಜುತ್ತಲೇ ತೆರೆದೆ. ಎರಡರಲ್ಲೂ ಬಣ್ಣದ ಕ್ರೇಯಾನ್!

"ಒಂದು ಸಸ್ತಾದ್ದು, ಒಂದು ತುಟ್ಟಿದು" ಎಂದಳು ದೊಡ್ಡವ್ವ. "ಯಾವುದು ಚಲೋ ಅಂತ ನಾ ನೋಡಿಲ್ಲ. ಅಕಿ ಬಂದು ನೋಡ್ಲಿ. ಯಾವಾಗ ಕಳಸ್ತಿ?"