ಕಾಕಾ ಆರಿಸಿದ ಸದ್ದಿಲ್ಲದ ಜನರೇಟರು

ನಮ್ಮ ಕಾಕಾಗೆ ಕಿವಿ ಕೇಳಿಸುವುದಿಲ್ಲ ಎಂಬ ಸಂಗತಿ ಅರ್ಧ ಕುರ್ಲಾಕ್ಕೆ ಗೊತ್ತು. ಗೊತ್ತಿಲ್ಲದಿರುವುದು ಒಬ್ಬರಿಗೆ ಮಾತ್ರ. ಆ ಒಬ್ಬರು ಸ್ವತಃ ಕಾಕಾ! ಅವರ ಪ್ರಕಾರ ಅವರ ಕಿವಿ ನೆಟ್ಟಗಿದೆ, ಕೆಟ್ಟಿರುವುದು ಜನರ ಬಾಯಿ. "ಈಗಿನ ಮಂದಿ ಬಾಯಾಗ ಅವಲಕ್ಕಿ ಇಟ್ಕೊಂಡು ಮಾತಾಡ್ತಾರವಾ. ನಮ್ಮ ಕಾಲದಾಗ ಒಬ್ಬ ಮಾತಾಡಿದ್ರ ನಾಕ್ ಓಣಿಗೆ ಕೇಳ್ತಿತ್ತು" ಎನ್ನುತ್ತಾರೆ. ಅವರು ಈಗಲೂ ನಾಲ್ಕು ಓಣಿಗೆ ಕೇಳುವ ಹಾಗೆಯೇ ಮಾತಾಡುವುದು. ಸ್ಟೇಷನ್ನಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ ಅವರು ಗುಟ್ಟು ಹೇಳಿದರೆ ಎದುರು ಪ್ಲಾಟ್‌ಫಾರ್ಮಿನವರು ತಿರುಗಿ ನೋಡುತ್ತಾರೆ.

ಕಿವಿ ಹೋಗದೆ ಇನ್ನೇನಾದೀತು? ಮೀಸೆ ಮೂಡುವ ವಯಸ್ಸಿನಲ್ಲಿ ವಿಜಯಪುರದ ಕಡೆಯಿಂದ ಬಂದವರು, ತಗಡು ಒತ್ತುವ ಯಂತ್ರದ ಮುಂದೆ ನಿಂತು ನಿಂತೇ ಮುದುಕರಾದರು. ನೌಕರಿ ಮುಗಿಯಿತು, ಯಂತ್ರ ಗುಜರಿಗೆ ಹೋಯಿತು, ಕಿವಿಯೂ ಅದರ ಜೊತೆಗೇ ಹೋಯಿತು. ಫೋನು ಮಾಡಿ "ಕಾಕಾ, ನಾಳೆ ಬರ್ತೀನ್ರಿ" ಅಂದರೆ, "ಬಾಳಿಹಣ್ಣು ಬ್ಯಾಡವಾ, ಮನ್ಯಾಗ ಅದಾವ" ಅನ್ನುತ್ತಾರೆ. "ಬಾಳೆ ಅಲ್ರೀ, ನಾಳೆ!" ಎಂದು ನಾನು ಕಿರುಚಿದರೆ, "ಅದಾವಂತ ಹೇಳೀನಲ್ಲ!" ಎಂದು ನನ್ನ ಮೇಲೇ ಸಿಟ್ಟು. ಮರುದಿನ ಹೋಗಿ ಬಾಗಿಲಲ್ಲಿ ನಿಂತರೆ, "ಹೇಳದ ಕೇಳದ ಬಂದ್ಯಲ್ಲ! ಫೋನರೆ ಮಾಡಬಾರದಾ?"

ಇಂಥ ಮಹಾನುಭಾವರು ಹೋದ ಬೇಸಿಗೆಯಲ್ಲಿ ಏನು ಕೊಳ್ಳಲು ಹೊರಟರು ಗೊತ್ತೇ? ಸದ್ದು ಮಾಡದ ಜನರೇಟರು! ನಗಬೇಕೆನ್ನಿಸಿದರೆ ನಗಿ. ನಾನೂ ಮೊದಲು ನಕ್ಕಿದ್ದೆ. ಆಮೇಲೆ ನಗು ಬರಲಿಲ್ಲ, ಅಷ್ಟೆ.

ನಮ್ಮ ಕಾಕುಗೆ, ಅಂದರೆ ಅವರ ಹೆಂಡತಿಗೆ, ಹೊಟ್ಟೆಯಲ್ಲಿ ಗಂಟು. ಆಸ್ಪತ್ರೆಯವರು ಕೊಯ್ದು ನೋಡಿದರು, ಔಷಧ ಏರಿಸಿ ನೋಡಿದರು, ಕೊನೆಗೆ "ಇನ್ನು ಮನೆಯಲ್ಲೇ ಇರಲಿ, ಕೇಳಿದ್ದು ಕೊಡಿ" ಎಂದು ಕಳಿಸಿಬಿಟ್ಟರು. ಮನೆಯೆಂದರೆ ಚಾಳಿನ ಒಂದು ಖೋಲಿ. ಬೆನ್ನಿಗೆ ರೈಲು ಹಳಿ, ಕೆಳಗೆ ಹಿಟ್ಟಿನ ಗಿರಣಿ, ಎದುರಿಗೆ ಕಬ್ಬಿಣ ಕೊಯ್ಯುವ ಶೆಡ್ಡು, ಪಕ್ಕದ ಖೋಲಿಯಲ್ಲಿ ಮೂರು ಹೊತ್ತೂ ಟೀವಿ. ಇಷ್ಟರ ಮೇಲೆ ನಮ್ಮ ಕಾಕಾನ ಗಂಟಲು! ಮದುವೆಯಾಗಿ ಬಂದಾಗಿನಿಂದ ಕಾಕು ಇದರ ನಡುವೆಯೇ ಮಲಗಿದ್ದರು, ಎದ್ದಿದ್ದರು, ರೊಟ್ಟಿ ಬಡಿದಿದ್ದರು. ಒಂದು ದಿನವೂ ದೂರಿದವರಲ್ಲ. ಮಕ್ಕಳಿಲ್ಲದ ಅವರಿಗೆ ಮಗಳಂತಿದ್ದವಳು ನಾನು. ಒಮ್ಮೆ ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ನನಗೆ ಹೇಳಿದರು: "ಒಂದಿನ ಮಧ್ಯಾಹ್ನ ಎಲ್ಲೆರೆ ತಣ್ಣಗ ಮಲಗಬೇಕು ಅನಸ್ತದವಾ. ಅಷ್ಟಾದ್ರ ಸಾಕು ನನಗ."

ಎದುರಿಗೆ ಕೂತಿದ್ದ ಕಾಕಾ ಅವರ ತುಟಿಯನ್ನೇ ನೋಡುತ್ತಿದ್ದರು. ಇಡೀ ಮಾತಿನಲ್ಲಿ ಅವರಿಗೆ ಸಿಕ್ಕಿದ್ದು ಎರಡೇ ಶಬ್ದ: ತಣ್ಣಗ, ಮಲಗಬೇಕು. ತಟ್ಟನೆ ಎದ್ದು ನಿಂತು ಘೋಷಿಸಿದರು: "ಏಸಿ! ಆಕೀಗಿ ಏಸಿ ಬೇಕು!"

ಹೇಳಿ, ಇದಕ್ಕೆ ಏನು ಮಾಡುವುದು? ಕೂಸು ತಣ್ಣಗೆ ಮಲಗಿದೆ ಅಂದರೆ ಫ್ರಿಜ್ಜಿನಲ್ಲಿ ಮಲಗಿಸಿದ್ದೇವೆಂದು ಅರ್ಥವೇ? "ತಣ್ಣಗ ಕೂಡು" ಎಂದು ಬೈದರೆ ಯಾರಾದರೂ ಬರ್ಫದ ಮೇಲೆ ಹೋಗಿ ಕೂಡುತ್ತಾರೆಯೇ? ನಮ್ಮ ಕಡೆ ತಣ್ಣಗೆ ಎಂದರೆ ಸದ್ದುಗದ್ದಲವಿಲ್ಲದೆ ಎಂದೂ ಅರ್ಥ; ಕಾಕು ಕೇಳಿದ್ದು ಸದ್ದಿಲ್ಲದ ಒಂದು ನಿದ್ದೆಯನ್ನು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ನನ್ನ ಮಣಿಕಟ್ಟು ಹಿಡಿದು ಒತ್ತಿದರು.

ಖೋಲಿಯಲ್ಲಿ ಏಸಿ ಆಗಲಿಲ್ಲ. ಚಾಳಿನ ವೈರು ಇಸ್ತ್ರಿಪೆಟ್ಟಿಗೆಗೇ ಸುಟ್ಟು ಹೋಗುವಂಥದ್ದು. ಕಾಕಾ ಬಿಡುವ ಕುಳವೇ? ಮೊಬೈಲಿನಲ್ಲಿ ಯಾರೋ ಗಾಡಿಯೊಳಗೇ ಹಾಸಿಗೆ ಹಾಕಿಕೊಂಡು ಊರೂರು ತಿರುಗುವ ವೀಡಿಯೊ ನೋಡಿದರು. ಸದ್ದು ಕೇಳಿಸದಿದ್ದರೇನು, ಚಿತ್ರ ಕಾಣುತ್ತದಲ್ಲ! ಅವರ ಹಳೆಯ ದೋಸ್ತ ಮೌಲಾಸಾಬರು ಇಂಡಿ ತಾಲೂಕಿನವರು, ಕುರ್ಲಾದಲ್ಲಿ ಮದುವೆ ಮಂಟಪಕ್ಕೆ ಲೈಟು, ಜನರೇಟರು ಬಾಡಿಗೆಗೆ ಕೊಡುವವರು, ಹಳೆಯವನ್ನು ಮಾರುವವರು. ಅವರ ಟೆಂಪೊ ಒಂದು ಖಾಲಿ ನಿಂತಿತ್ತು. ಕಾಕಾ ಅದರೊಳಗೆ ಮಂಚ ಬಡಿದರು, ಪರದೆ ಕಟ್ಟಿದರು, ಹಿಂದಿನ ತಗಡು ಕೊರೆದು ಕಿಟಕಿ ಏಸಿಯೊಂದನ್ನು ಕೂಡಿಸಿದರು. ಹೊರಗಿನಿಂದ ನೋಡಿದರೆ ಟೆಂಪೊ ಬೆನ್ನಿಗೆ ಗಂಟು ಹೊತ್ತುಕೊಂಡಂತಿತ್ತು. ಹೆಸರು ಮಾತ್ರ ಜೋರು: "ಕ್ಯಾಂಪರ್"!

ಗಿಡದ ನೆರಳಿನಲ್ಲಿ ನಿಲ್ಲಿಸಿದ ಕ್ಯಾಂಪರಿಗೆ ಕರೆಂಟು ಎಲ್ಲಿಂದ ಬರಬೇಕು? ಹೀಗೆ ಶುರುವಾಯಿತು ಜನರೇಟರಿನ ಹುಡುಕಾಟ. ಕಾಕಾ ಮೊದಲು ಮೆಚ್ಚಿದ್ದು ಸೂಟ್‌ಕೇಸಿನಂಥ ಒಂದು ಪುಟ್ಟ ಜನರೇಟರನ್ನು. ಹಗುರ, ಒಂದೇ ಕೈಯಲ್ಲಿ ಎತ್ತಬಹುದು. ಮೌಲಾಸಾಬರು ಬೇಡವೆಂದು ತಲೆಯಾಡಿಸಿದರು: "ನಕ್ಕೋ ಕಾಕಾ. ಇದು ಲೈಟಿಗಿ, ಫ್ಯಾನಿಗಿ ಆಗ್ತದ್ರಿ, ಏಸಿ ಎಳೆಯಂಗಿಲ್ಲ." ಕಾಕಾ ಕೇಳಬೇಕಲ್ಲ! ಜೋಡಿಸಿದರು. ಏಸಿಯ ಫ್ಯಾನು ತಿರುಗಿತು. ಕಾಕಾ ನನ್ನ ಕಡೆ ಹೆಮ್ಮೆಯಿಂದ ನೋಡಿದರು. ಕಂಪ್ರೆಸರ್ ಒಂದು ಸಲ "ಹೂಂ" ಎಂದಿತು, ಜನರೇಟರು ಬಿಕ್ಕಿ ಸುಮ್ಮನಾಯಿತು.

"ಶುರು ಆಗೂ ಮುಂದ ಏಸಿ ಎರಡು ಮೂರು ಪಟ್ಟು ಕರೆಂಟ್ ಎಳೀತದ್ರಿ. ಆಮ್ಯಾಲ ಕಮ್ಮಿ. ಆ ಮೊದಲನೇ ಝಟಕಾ ತಡ್ಕೊಳ್ಳೂವಂಥಾದ್ದು ಬೇಕು" ಎಂದು ಮೌಲಾಸಾಬರು ಕೈಸನ್ನೆ ಮಾಡಿ, ಕೂಗಿ, ಮತ್ತೆ ಕೈಸನ್ನೆ ಮಾಡಿ ತಿಳಿಸಿದರು.

ಕಾಕಾಗೆ ಪಟ್ಟನೆ ಹೊಳೆಯಿತು: "ಮದುವ್ಯಾಗಿನ ಬೀಗರ ಹಂಗ ಅನ್ನು! ಬಂದ ಕೂಡ್ಲೆ ಭಾಳ ಎಳ್ದಾಡ್ತಾರ, ಹೋಳಿಗಿ ಒಳಗ ಹೋದ ಮ್ಯಾಲ ತಣ್ಣಗ ಆಗ್ತಾರ!"

ನೋಡಿದಿರಾ? ಆ ಅರ್ಥ ಅವರಿಗೂ ಗೊತ್ತಿತ್ತು! ಬೀಗರ ವಿಷಯದಲ್ಲಿ ಗೊತ್ತಿದ್ದದ್ದು ಹೆಂಡತಿಯ ವಿಷಯದಲ್ಲಿ ಹೊಳೆಯಲಿಲ್ಲವಲ್ಲ ಎಂದು ನನಗೆ ಅಂಗಡಿಯಲ್ಲೇ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು.

ಶಕ್ತಿಯ ಲೆಕ್ಕ ಮುಗಿದ ಮೇಲೆ ಸದ್ದಿನ ಪರೀಕ್ಷೆ. "ಮಲಗೂ ಪೇಷಂಟಿಗೆ ಆವಾಜ್ ಆಗಬಾರದು. ನಾನೇ ಕೇಳಿ ನೋಡ್ತೀನಿ" ಎಂದು ಕಾಕಾ ದೊಡ್ಡ ಜನರೇಟರುಗಳ ಸಾಲಿನ ಮುಂದೆ ಕಣ್ಣು ಮುಚ್ಚಿ ನಿಂತರು. ಮೌಲಾಸಾಬರು ಮೊದಲನೆಯದರ ಹಗ್ಗ ಎಳೆದರು. ಭರ್ರೆಂದು ಇಡೀ ಗಲ್ಲಿ ನಡುಗಿತು. ನಾಯಿಗಳು ಎದ್ದು ಓಡಿದವು. ಕಾಕಾ ಹಾಗೆಯೇ ನಿಂತಿದ್ದಾರೆ! ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದು ಗದರಿದರು: "ಚಾಲೂ ಮಾಡೋ ಮಾರಾಯಾ, ಎಷ್ಟೊತ್ತು ನಿಲ್ಲಿಸ್ತಿ?"

ಆಮೇಲೆ ಅಂಗೈ ಇಟ್ಟು ನೋಡುವ ವಿಧಾನ ಹಿಡಿದರು. ಯಾವುದು ನಡುಗುತ್ತದೋ ಅದು ಗದ್ದಲದ್ದು, ಯಾವುದು ನಡುಗುವುದಿಲ್ಲವೋ ಅದು ಶಾಂತ ಸ್ವಭಾವದ್ದು. ಹೀಗೆ ಆಯ್ಕೆಯಾಗಿದ್ದು ದಪ್ಪ ರಬ್ಬರ್ ಕಾಲಿನ ಒಂದು ಭಾರೀ ಜನರೇಟರು. ರಬ್ಬರ್ ಇದ್ದದ್ದರಿಂದ ಅದು ಅಲುಗುತ್ತಿರಲಿಲ್ಲ, ಆದರೆ ಅರಚುತ್ತಿತ್ತು. ಅದರ ರಟ್ಟಿನ ಡಬ್ಬಿಯ ಮೇಲೆ "ಸೈಲೆಂಟ್" ಎಂದು ಬರೆದದ್ದನ್ನು ಕಾಕಾ ಬೆರಳಿಟ್ಟು ನನಗೆ ತೋರಿಸಿದರು. "ಓದವಾ, ಓದು!" ಅದನ್ನು ಗಾಡಿಯ ಒಳಗೇ, ಮಂಚದ ಕೆಳಗೆ ಇಡುವ ಯೋಚನೆ ಬೇರೆ! ಮೌಲಾಸಾಬರು ಎರಡೂ ಕೈ ಜೋಡಿಸಿದರು: "ಒಳಗ ಇಟ್ರ ಹೊಗಿ ಜೀವಾ ತಕೊಂಡು ಹೋಗ್ತದ್ರಿ ಕಾಕಾ! ಹೊರಗ, ದೂರ, ಗಾಳಿ ಹೋಗೂ ಕಡೆ ಮುಖ ಮಾಡಿ ಇಡ್ರಿ." ಜೀವದ ಮಾತು ಬಂದದ್ದೇ ಕಾಕಾನ ಮುಖ ಬಾಡಿಹೋಯಿತು. ಅಲ್ಲೇ ಉದ್ದನೆಯ ವೈರು ಕೇಳಿ ಪಡೆದರು.

ಪ್ರಯೋಗಕ್ಕೆ ಆರಿಸಿದ್ದು ನಾನಿರುವ ಮುಲುಂಡಿನ ಹೌಸಿಂಗ್ ಸೊಸೈಟಿಯ ಅಂಗಳವನ್ನು. ಭಾನುವಾರ, ಎಲ್ಲರೂ ಉಂಡು ಮಲಗುವ ಹೊತ್ತು! ಜನರೇಟರು ಬಾಯಿ ಬಿಟ್ಟದ್ದೇ ಬಿಲ್ಡಿಂಗಿನ ಕಿಟಕಿಗಳೆಲ್ಲ ತೆರೆದವು. ಸೆಕ್ರೆಟರಿ ಬನಿಯನ್ನಿನಲ್ಲೇ ಇಳಿದು ಬಂದು, ಎರಡೂ ಕಿವಿ ಹಿಡಿದುಕೊಂಡು, ತಲೆಯಾಡಿಸುತ್ತ ಮರಾಠಿಯಲ್ಲಿ ಕೂಗಿದರು: "ಅಹೋ, ಬಂದ್ ಕರಾ! ಬಂದ್ ಕರಾ!" ಕಾಕಾಗೆ ಆನಂದವೋ ಆನಂದ. ನನ್ನ ಕಡೆ ತಿರುಗಿ, "ನೋಡಿದ್ಯಾ, ಗವಾಯಿಗೋಳು ಗುರುವಿನ ಹೆಸರು ತಗೊಂಡಂಗ ಕಿವಿ ಮುಟ್ಟಿ ಮುಟ್ಟಿ ಹೊಗಳಾಕತ್ತಾರ!" ಎಂದು ಸೆಕ್ರೆಟರಿಗೆ ತಿರುಗಿ ನಮಸ್ಕಾರ ಮಾಡಿದರು. ಮುಂದಿನ ವಾರವೆಲ್ಲ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ.

ನನಗೆ ತಡೆಯಲಾಗಲಿಲ್ಲ. ಕುರ್ಲಾಕ್ಕೆ ಹೋಗಿ ಕಾಕುವಿನ ಹತ್ತಿರ ಕೂತು ಹೇಳಿದೆ: "ಕಾಕು, ಅದು ನಿಮಗ ಮಲಗಾಕ ಬಿಡಂಗಿಲ್ರಿ. ಬಾಯಿ ಬಿಟ್ಟು ಕಾಕಾಗ ಹೇಳಿಬಿಡ್ತೀನಿ."

ಕಾಕು ತೆಳ್ಳಗಾಗಿದ್ದರು. ಮಾತಿಗೆ ನಡುನಡುವೆ ಉಸಿರು ತೆಗೆದುಕೊಳ್ಳಬೇಕಿತ್ತು. "ಹೇಳಬ್ಯಾಡ. ದವಾಖಾನಿಯಿಂದ ಬಂದಾಗಿಂದ ಬಚ್ಚಲ ಮೋರಿ ಕಡೆ ಮುಖ ಮಾಡಿ ಕೂತು ಅಳ್ತಿದ್ರು. ತಮ್ಮ ಅಳು ತಮಗ ಕೇಳಂಗಿಲ್ಲ, ನನಗೂ ಕೇಳ್ಸಂಗಿಲ್ಲಂತ ತಿಳ್ಕೊಂಡಿದ್ರು, ಪಾಪ. ಈಗ ಜನರೇಟರ್ ಜನರೇಟರ್ ಅಂತ ಓಡ್ಯಾಡಾಕತ್ತಾರ. ಓಡ್ಯಾಡ್ಲಿ ಬಿಡವಾ."

ಕಾಕು ಈಗ ಇಲ್ಲ. ಮಳೆ ಹಿಡಿಯುವ ಮೊದಲೇ ಹೋದರು. ಅದಕ್ಕೇ, ಅವರು ಹೇಳಬೇಡವೆಂದ ಈ ಮಾತನ್ನು ಈಗ ಬರೆಯುತ್ತಿದ್ದೇನೆ.

ಕಾಕುವನ್ನು ಕ್ಯಾಂಪರಿನಲ್ಲಿ ಕರೆದೊಯ್ದ ದಿನ ಮೌಲಾಸಾಬರೇ ಟೆಂಪೊ ಓಡಿಸಿದರು. ಮುಲುಂಡಿನ ಗುಡ್ಡದ ಬುಡದಲ್ಲಿ ಅವರ ಪರಿಚಯದವರ ಹೂಗಿಡಗಳ ನರ್ಸರಿ ಇತ್ತು, ಬೇಸಿಗೆಗೆ ಮುಚ್ಚಿತ್ತು. ದೊಡ್ಡ ಮಾವಿನ ಮರದ ಕೆಳಗೆ ಗಾಡಿ ನಿಂತಿತು, ಎಂಜಿನ್ನು ಬಂದಾಯಿತು. ಒಂದು ಗಳಿಗೆ ಎಲೆ ಅಲುಗುವುದೂ ಕೇಳಿಸುವಷ್ಟು ಮೌನ. ಕಾಕು ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಬಿಟ್ಟರು. ಅಷ್ಟರಲ್ಲಿ ದೂರದಲ್ಲಿ ಕಾಕಾ ಹಗ್ಗ ಎಳೆದರು. ಭರ್ರ್!

ಏಸಿ ಝಟಕಾ ಹೊಡೆಯಿತು, ಜನರೇಟರು ತಡೆದುಕೊಂಡಿತು, ಗಾಡಿ ತಂಪಾಯಿತು. ಕಾಕಾ ಗೆದ್ದಿದ್ದರು. ಮತ್ತೆ ಮತ್ತೆ ಕಿಟಕಿಯಲ್ಲಿ ಮುಖವಿಟ್ಟು, "ತಣ್ಣಗ ಐತೇನು?" ಎಂದು ಕೂಗುವರು. ಕಾಕು ನಗುತ್ತ ತಲೆಯಾಡಿಸುವರು. ಕಾಕಾ ಅತ್ತ ಹೋದದ್ದೇ ನಗು ಮಾಯ. ಕಣ್ಣು ಬಿಟ್ಟುಕೊಂಡು ಗಾಡಿಯ ತಗಡನ್ನು ನೋಡುತ್ತ ಮಲಗಿದ್ದರು. ಬಿಸಿಲು ಪಶ್ಚಿಮಕ್ಕೆ ಸರಿಯುತ್ತಿತ್ತು. ಆ ಮಧ್ಯಾಹ್ನ ಮುಗಿದರೆ ಇನ್ನೊಂದು ಸಿಗುತ್ತದೆಂಬ ಖಾತ್ರಿ ನಮ್ಮ ಯಾರಿಗೂ ಇರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ಕಾಕಾನ ಮೇಲೋ ಆ ದೇವರ ಮೇಲೋ, ನೆಟ್ಟಗೆ ಹೋಗಿ ಜನರೇಟರಿನ ಸ್ವಿಚ್ಚು ಒತ್ತಿಬಿಟ್ಟೆ.

ಕಾಕಾ ಗಾಡಿಗೆ ಬೆನ್ನು ಹಚ್ಚಿ ಕೂತಿದ್ದರು, ಮುಖ ಗುಡ್ಡದ ಕಡೆಗಿತ್ತು. ಕೇಳಿಸುವುದಿಲ್ಲವಲ್ಲ ಎಂದು ನನಗೆ ಧೈರ್ಯ. ಎಷ್ಟೋ ಹೊತ್ತು ಹಾಗೆಯೇ ಕೂತಿದ್ದವರು, ಏಸಿಯ ನಡುಕ ಬೆನ್ನಿಗೆ ತಗಲುತ್ತಿಲ್ಲವೆಂದು ಅರಿವಾಗಿ ಧಡಕ್ಕನೆ ಎದ್ದರು. ನಾನು ಅಡ್ಡ ಹೋದೆ. ನನ್ನನ್ನು ಸರಿಸಿ ಕಿಟಕಿಯಲ್ಲಿ ಇಣುಕಿದರು.

ಕಾಕು ನಿದ್ದೆ ಹೋಗಿದ್ದರು. ಬಾಯಿ ತುಸು ತೆರೆದಿತ್ತು, ಒಂದು ಕೈ ಕೆನ್ನೆಯ ಕೆಳಗಿತ್ತು. ಇಷ್ಟು ತಿಂಗಳಲ್ಲಿ ಆ ಹಣೆಯ ಮೇಲಿನ ಗೆರೆಗಳು ಸಡಿಲಾದದ್ದನ್ನು ನಾನು ನೋಡಿರಲಿಲ್ಲ.

ಕಾಕಾ ಬಹಳ ಹೊತ್ತು ಅವರನ್ನೇ ನೋಡಿದರು. ಆಮೇಲೆ ದೂರದ ಜನರೇಟರನ್ನು ನೋಡಿದರು, ನನ್ನನ್ನು ನೋಡಿದರು. "ಭಾಳ ಸದ್ದಿತ್ತೇನವಾ ಅದು?"

ನಾನು ಹೌದೆಂದು ತಲೆಯಾಡಿಸಿದೆ.

"ಆಕಿ ಕೇಳಿದ್ದು ಇದನ್ನ?"

ಅದಕ್ಕೂ ತಲೆಯಾಡಿಸಿದೆ. "ನನಗ ಕಿವಿ ಕೇಳಂಗಿಲ್ಲವಾ" ಅಂದರು ಕಾಕಾ. ಎಷ್ಟು ಮೆತ್ತಗೆ ಅಂದರೆಂದರೆ, ಪಕ್ಕದಲ್ಲೇ ನಿಂತ ನಾನು ಅವರ ತುಟಿ ನೋಡಿ ತಿಳಿದುಕೊಳ್ಳಬೇಕಾಯಿತು. ನನಗೆ ಅಳು ತಡೆಯಲಾಗಲಿಲ್ಲ.

ಗಾಡಿಯೊಳಗೆ ಮೆಲ್ಲಗೆ ಸೆಕೆ ತುಂಬುತ್ತಿತ್ತು. ಕಾಕಾ ರಟ್ಟಿನ ಡಬ್ಬಿಯ ಒಂದು ಮಗ್ಗುಲನ್ನು ಸದ್ದಾಗದಂತೆ ಹರಿದು, ಚಪ್ಪಲಿ ಬಿಟ್ಟು ಒಳಗೆ ಹತ್ತಿದರು. ಮಂಚದ ತುದಿಯಲ್ಲಿ ನಿಂತು ಬೀಸತೊಡಗಿದರು. "ನಾ ಬೀಸ್ತೀನಿ ಕೊಡ್ರಿ" ಎಂದು ಕೈಚಾಚಿದರೆ ಕೊಡಲಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತು, ಗದ್ದದಿಂದ ಬೆವರು ತೊಟ್ಟಿಕ್ಕಿತು. ಆ ಮನುಷ್ಯ ಅಲುಗಲಿಲ್ಲ.

ಬಿಸಿಲು ಇಳಿದ ಮೇಲೆ ಕಾಕು ಕಣ್ಣು ತೆರೆದರು. ಬೀಸುತ್ತಿದ್ದ ಗಂಡನನ್ನು ನೋಡಿ, ತುಟಿ ಬಿಡಿಸಿ ಕೇಳಿದರು: "ಯಾಕ್ರಿ, ಏಸಿ ಬಂದ್ ಆತೇನು?"

"ಜನರೇಟರ್ ಕೆಟ್ಟು ಹೋತು" ಅಂದರು ಕಾಕಾ. "ಆ ಮೌಲಾಸಾಬ ಎಂಥಾ ಮಾಲು ಕೊಟ್ಟಾನೋ ಏನೋ."

ಕಾಕು ನನ್ನ ಕಡೆ ಒಮ್ಮೆ ನೋಡಿದರು. ಮತ್ತೆ ಅವರ ಕಡೆ ತಿರುಗಿ, "ಇನ್ನೊಂದೀಟು ಮಲಗ್ಲಿ ಏನ್ರಿ?" ಎಂದರು.

"ಮಲಗು" ಎಂದು ಪಿಸುಗುಟ್ಟಿ, ಕಾಕಾ ರಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.